ಸಂಜ್ಞಾ ಭಾಷೆ ಕೊನೆಯ ದಾರಿಯಲ್ಲ

ಶ್ರವಣದೋಷವಿರುವ ಮಗುವಿನ ಪೋಷಕರಿಗೆ ಶಾಲೆಗಳಲ್ಲಿ ಸಾಮಾನ್ಯವಾಗಿ ಹೇಳುವುದು ಎರಡೇ ಮಾತು: ಶ್ರವಣ ಸಾಧನ ಹಾಕಿಸಿ, ಮಾತು ಕಲಿಸಿ. ಸಂಜ್ಞಾ ಭಾಷೆಯ ಪ್ರಸ್ತಾಪ ಬರುವುದು ಉಳಿದೆಲ್ಲ ಪ್ರಯತ್ನ ಮುಗಿದ ಮೇಲೆ. ಈ ಕ್ರಮ ಬದಲಾಗಬೇಕು.

ಬೋಧನಾಭ್ಯಾಸದಲ್ಲಿ ಎಂಟನೇ ತರಗತಿಗೆ ‘ಶಬ್ದ’ ಪಾಠ ಮಾಡಿದೆ. ಕಿವಿ ಕೇಳದ ವಿದ್ಯಾರ್ಥಿನಿಯೊಬ್ಬಳು ಶ್ರುತಿಕವೆ ಮುಟ್ಟಿ ಕಂಪನವನ್ನು ಅರಿತಳು. ‘ಅದೇಕೆ ಹಾಗೆ?’ ಎಂಬ ಮುಂದಿನ ಪ್ರಶ್ನೆಗೆ ನಮ್ಮಿಬ್ಬರ ನಡುವೆ ಭಾಷೆಯೇ ಇರಲಿಲ್ಲ. ಅವಳ ತಾಯಿ ಕೇಳಿದರು: “ಕೈಸನ್ನೆ ಕಲಿಸಿದ್ರೆ ಮಾತೇ ಬರಲ್ಲ ಅಂತಾರಲ್ಲ ಮೇಡಂ?”

ಈ ಭಯಕ್ಕೆ ಆಧಾರವಿಲ್ಲ. ಮಗುವಿಗೆ ಮೊದಲ ವರ್ಷಗಳಲ್ಲಿ ಬೇಕಾದದ್ದು ಪೂರ್ತಿ ಅರ್ಥವಾಗುವ ಒಂದು ಭಾಷೆ. ಕಣ್ಣಿನಿಂದ ಕಲಿತರೂ ಅದು ಭಾಷೆಯೇ. ಭಾರತೀಯ ಸಂಜ್ಞಾ ಭಾಷೆಗೆ ತನ್ನದೇ ವ್ಯಾಕರಣವಿದೆ: ‘ಏನು’, ‘ಎಲ್ಲಿ’ ಎಂಬ ಪ್ರಶ್ನಾರ್ಥಕ ಪದಗಳು ವಾಕ್ಯದ ಕೊನೆಗೆ ಬರುತ್ತವೆ, ಮುಖಭಾವವೂ ಅರ್ಥ ಕೊಡುತ್ತದೆ.

ಕಲಿಯಲು ಸಾಮಗ್ರಿಯಿದೆ. ದೆಹಲಿಯಲ್ಲಿ 2015ರಲ್ಲಿ ಆರಂಭವಾದ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರವು 2021ರಲ್ಲಿ 10,000 ಪದಗಳ ನಿಘಂಟು ಹೊರತಂದಿದೆ. ಆದರೆ ದಿನವಿಡೀ ದುಡಿದು ಬರುವ ತಾಯಿ ಒಬ್ಬರೇ ಮೊಬೈಲ್ ನೋಡಿ ಭಾಷೆ ಕಲಿಯುವುದು ಕಷ್ಟ. ಭಾಷೆಗೆ ಜೊತೆಗಾರರು ಬೇಕು.

ಸಂಜ್ಞಾ ಭಾಷೆ ಬಲ್ಲ ಶಿಕ್ಷಕರ ತರಬೇತಿ ಮತ್ತು ನೇಮಕದ ಬಗ್ಗೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹೇಳುತ್ತದೆ. ಅದನ್ನು ವಿಶೇಷ ಶಿಕ್ಷಕರಿಗಷ್ಟೇ ಬಿಡುವುದು ಬೇಡ. ಬೋಧನಾಭ್ಯಾಸದ ಅವಧಿಯಲ್ಲಿ ವಾರಕ್ಕೊಮ್ಮೆಯಾದರೂ ಪೋಷಕರು, ಸಹಪಾಠಿಗಳು, ಪ್ರಶಿಕ್ಷಣಾರ್ಥಿಗಳು ಒಟ್ಟಿಗೆ ಕುಳಿತು, ಸಾಧ್ಯವಾದರೆ ಸಂಜ್ಞಾ ಭಾಷೆಯಲ್ಲೇ ಬದುಕುವ ಕಿವುಡರೊಬ್ಬರಿಂದ ಕಲಿಯಲಿ. ಶ್ರವಣ ಸಾಧನವೂ ಇರಲಿ, ಮಾತಿನ ತರಬೇತಿಯೂ ಇರಲಿ. ಅವು ಫಲ ಕೊಡುವವರೆಗೆ ಮಗು ಭಾಷೆಯಿಲ್ಲದೆ ಕಾಯಬಾರದು.