ಸಂಕಟಕ್ಕೆ ತಾಯ್ನುಡಿಯ ಕಿವಿ ಬೇಕು

2022ರಲ್ಲಿ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆಗೆ ಬಲಿಯಾದರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರದಿ ಮಾಡಿದೆ. ಅದೇ ವರ್ಷ ಅಕ್ಟೋಬರ್ 10ರಂದು ಕೇಂದ್ರ ಸರಕಾರವು 14416 ಸಂಖ್ಯೆಯ 'ಟೆಲಿ-ಮಾನಸ್' ಉಚಿತ ದೂರವಾಣಿ ಸೇವೆಯನ್ನು ಆರಂಭಿಸಿದ್ದು ಸ್ತುತ್ಯರ್ಹ. ಆದರೆ 2023-24ರ ಮುಂಗಡಪತ್ರದಲ್ಲಿ ಇದಕ್ಕೆ ಸುಮಾರು 134 ಕೋಟಿ ರೂಪಾಯಿ ತೆಗೆದಿರಿಸಿದ ಸರಕಾರವೇ ಮರುವರ್ಷ 90 ಕೋಟಿಗೆ ಇಳಿಸಿತು. ಇದಾವ ನ್ಯಾಯ?

ಕಂಬಂ ಕಣಿವೆಯ ಕಾಮಯಗೌಂಡನ್‌ಪಟ್ಟಿ ಆಸುಪಾಸಿನ ಕನ್ನಡ ಕುಟುಂಬಗಳಿಗೆ ಮನೆಯೊಳಗೆ ಕನ್ನಡ, ಹೊರಗೆ ತಮಿಳು. ಕಾಸರಗೋಡಿನ ನಮಗೆ ಹೊರಗೆ ಮಲೆಯಾಳ. ವ್ಯವಹಾರಕ್ಕೆ ಪರಭಾಷೆ ಸಾಕಾದೀತು. ಎದೆಯ ಸಂಕಟಕ್ಕೆ ಸಾಲದು. ತರಗತಿಯಲ್ಲಿ ಮುದುಡಿ ಕುಳಿತ ಮಕ್ಕಳನ್ನು ಮಾತಾಡಿಸಿದ ನಮಗೆ ಇದು ಅನುಭವದ ಮಾತು.

ಆದುದರಿಂದ ಇಂಥ ಜಿಲ್ಲೆಗಳ ಸರಕಾರಿ ಆಸ್ಪತ್ರೆಗಳಲ್ಲಿ ಕನ್ನಡ ಬಲ್ಲ ಆಪ್ತಸಮಾಲೋಚಕರನ್ನು ನೇಮಿಸಬೇಕು. ಅದಕ್ಕೆ ತಕ್ಕ ಹಣವನ್ನೂ ಒದಗಿಸಬೇಕು. ಅಲ್ಲಿಯವರೆಗೆ ನಾವು ಸುಮ್ಮನಿರಲಾಗದು. 14416ನ್ನು ಮನೆಗೋಡೆಯಲ್ಲಿ ಬರೆದಿಡೋಣ. ಬಾಡಿದ ಮುಖ ಕಂಡಾಗ 'ಏನಾಯಿತು?' ಎಂದು ಕೇಳೋಣ.