ಹಳತಾದ ಮದ್ಯವೂ ಮದ್ಯವೇ

ಫ್ರಾನ್ಸ್ ದೇಶದ ಕೊನ್ಯಾಕ್ ಎಂಬ ಬ್ರಾಂಡಿಯ ಒಂದು ಸೀಸೆ 2020ರ ಮೇ ತಿಂಗಳಲ್ಲಿ ಲಂಡನ್ನಿನ ಸದಬೀಸ್ ಸಂಸ್ಥೆಯ ಹರಾಜಿನಲ್ಲಿ 1,18,580 ಪೌಂಡುಗಳಿಗೆ ಮಾರಾಟವಾಯಿತು. ಗೋತಿಯೆ ಹೆಸರಿನ ಆ ಬ್ರಾಂಡಿ 1762ರದು. ಇಂಥ ವಸ್ತುವನ್ನು ಮದ್ಯವೆನ್ನುವುದೇ ಅರಸಿಕತನ, ಅದೊಂದು ಕಲೆ, ಪರಂಪರೆ ಎಂಬ ವಾದ ಈಗ ಸುಶಿಕ್ಷಿತ ಶ್ರಾವಕರ ಬಾಯಲ್ಲೂ ಕೇಳಿಬರುತ್ತಿದೆ. ವಾದವನ್ನು ಅದರ ನೆಲೆಯಲ್ಲೇ ಪರೀಕ್ಷಿಸೋಣ.

ಆ ಕಸುಬಿನಲ್ಲಿ ಶ್ರದ್ಧೆಯಿದೆ, ಅಲ್ಲಗಳೆಯಲಾಗದು. ಶಾರಾಂತ್ ನದಿಯ ಸುತ್ತಿನ ಸುಣ್ಣಕಲ್ಲಿನ ನೆಲದಲ್ಲಿ ಬೆಳೆದ ಬಿಳಿ ದ್ರಾಕ್ಷಿಯ ಹುಳಿ ವೈನನ್ನು ತಾಮ್ರದ ಹಂಡೆಯಲ್ಲಿ ಎರಡು ಬಾರಿ ಭಟ್ಟಿ ಇಳಿಸುತ್ತಾರೆ. ಸುಗ್ಗಿಯ ಮುಂದಿನ ಮಾರ್ಚ್ 31ರೊಳಗೆ ಈ ಕೆಲಸ ಮುಗಿಯಬೇಕೆಂಬುದು ನಿಯಮ. ಅನಂತರ ಓಕ್ ಮರದ ಪೀಪಾಯಿಗಳಲ್ಲಿ ಕನಿಷ್ಠ 2 ವರ್ಷ, ಕೆಲವನ್ನು ಅರ್ಧ ಶತಮಾನದಷ್ಟು ಕಾಲ ಇಡುತ್ತಾರೆ. ಅಂಥ ಪೀಪಾಯಿಯನ್ನು ತುಂಬಿದವನು ಅನೇಕ ವೇಳೆ ಅದನ್ನು ತೆರೆಯುವ ದಿನ ಕಾಣುವುದಿಲ್ಲ. (ಮುಂದಿನ ಮಳೆಗಾಲಕ್ಕೆ ಬಸದಿಯ ಮಾಡು ಸೋರದಂತೆ ನೋಡಿಕೊಳ್ಳಲಾರದ ನಮ್ಮ ಕೆಲವು ಟ್ರಸ್ಟುಗಳು ಈ ದೂರದೃಷ್ಟಿಯನ್ನಾದರೂ ಕಲಿಯಬಹುದು.) ಆದರೆ ಬೇಡನ ಬಲೆ ಹೆಣೆಯುವುದಕ್ಕೂ ತಾಳ್ಮೆ ಬೇಕು. ಅಷ್ಟರಿಂದ ಬಲೆ ನಿರ್ದೋಷಿಯಾಗುವುದೇ?

ಭಟ್ಟಿ ಇಳಿಸಿದ ದ್ರವದಲ್ಲಿ ಜೀವಗಳೇ ಇಲ್ಲ, ಆದುದರಿಂದ ಹಿಂಸೆಯಿಲ್ಲ ಎನ್ನುವವರುಂಟು. ದ್ರಾಕ್ಷಾರಸವನ್ನು ಮದ್ಯವಾಗಿಸುವುದೇ ಯೀಸ್ಟ್ ಎಂಬ ಸೂಕ್ಷ್ಮಜೀವಿಗಳ ಅಸಂಖ್ಯ ಸಂತಾನ. ಪರಿಮಳ ಹೆಚ್ಚಲೆಂದು ಆ ಜೀವಿಗಳಿಂದಲೇ ಕೂಡಿದ ತಳದ ಗಷ್ಟನ್ನು ಬೇಕೆಂದೇ ವೈನಿನೊಡನೆ ಹಂಡೆಯಲ್ಲಿ ಕುದಿಸುವ ತಯಾರಕರೂ ಇದ್ದಾರೆ. ಸೀಸೆಯಲ್ಲಿ ಜೀವವಿಲ್ಲವೆಂದರೆ ಕೊಲೆ ಮೊದಲೇ ಮುಗಿದಿದೆ ಎಂದಷ್ಟೇ ಅರ್ಥ. ಮದ್ಯವು ಬಹುಜೀವಗಳ ಯೋನಿಯೆಂದು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಹೇಳಿದಾಗ ಜಗತ್ತಿನಲ್ಲಿ ಸೂಕ್ಷ್ಮದರ್ಶಕವಿರಲಿಲ್ಲ.

ಹಾಗಾದರೆ ಮೊಸರು? ಎಂದು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದೇ. ಮೊಸರಿಗೆ ನಮ್ಮಲ್ಲಿ ಮರ್ಯಾದೆಯುಂಟು. ಕಾಲ ಮೀರಿದರೆ ಅದು ಅಭಕ್ಷ್ಯ. ಹಿಟ್ಟಿಗೂ ಮಳೆಗಾಲದಲ್ಲಿ 3, ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 7 ದಿನಗಳ ಮರ್ಯಾದೆಯನ್ನು ಹಿರಿಯರು ವಿಧಿಸಿದ್ದಾರೆ. ನಮ್ಮ ಅಡುಗೆಮನೆಯಲ್ಲಿ ಗಳಿಗೆ ಕಳೆದಂತೆ ಪದಾರ್ಥದ ಯೋಗ್ಯತೆ ಇಳಿಯುತ್ತದೆ. ಕೊನ್ಯಾಕಿನ ನೆಲಮಾಳಿಗೆಯಲ್ಲಿ ದಶಕ ಕಳೆದಂತೆ ಬೆಲೆ ಏರುತ್ತದೆ. ಈ ಎರಡು ಲೆಕ್ಕಗಳನ್ನು ಒಂದೇ ಮನೆಯಲ್ಲಿ ಇಡಲಾಗದು.

ಅಲ್ಲಿ ಪೀಪಾಯಿಗಳಿಂದ ವರ್ಷಕ್ಕೆ ಸುಮಾರು ಶೇಕಡಾ 2ರಷ್ಟು ಆವಿಯಾಗಿ ಹೋಗುತ್ತದೆ. ಅದಕ್ಕೆ ಅವರಿಟ್ಟ ಹೆಸರು ದೇವದೂತರ ಪಾಲು! ಆ ಆವಿಯನ್ನುಂಡು ಬೆಳೆಯುವುದು ಒಂದು ಕಪ್ಪು ಬೂಷ್ಟು; ಊರಿನ ಗೋಡೆ, ಹೆಂಚುಗಳೆಲ್ಲ ಅದರಿಂದ ಕಪ್ಪಿಟ್ಟಿವೆ. ಭಟ್ಟಿಯಿಂದ ಇಳಿದ ದ್ರವಕ್ಕೆ ಜೀವಜಲವೆಂದು ಹೆಸರು. ಅತಿ ಹಳೆಯ ದಾಸ್ತಾನಿನ ಕೋಣೆಗೆ ಸ್ವರ್ಗವೆಂದು ಹೆಸರು. ವಸ್ತು ಕೆಟ್ಟದ್ದಾದಷ್ಟೂ ಹೆಸರು ಸಿಹಿಯಾಗಬೇಕಾಗುತ್ತದೆಯೇನೋ.

ಇನ್ನು ಆ 1762ರ ಸೀಸೆ. ಪೀಪಾಯಿಯಿಂದ ಗಾಜಿಗೆ ಬಂದ ಮೇಲೆ ಬ್ರಾಂಡಿ ಪಕ್ವವಾಗುವುದಿಲ್ಲವೆಂಬುದು ಆ ಕಸುಬುದಾರರೇ ಬಲ್ಲ ಸಂಗತಿ. ಸೀಸೆಯಲ್ಲಿ ಕಳೆದ ವರ್ಷಗಳು ರುಚಿಗೆ ಏನನ್ನೂ ಕೂಡಿಸಿಲ್ಲ. ಕೊಂಡವರು ತೆತ್ತದ್ದು ಕಲೆಗಲ್ಲ, ಒಂದು ಅಂಕಿಗೆ. ಇದನ್ನು ರಸಿಕತೆ ಎನ್ನುವುದಾದರೆ ಪರಿಗ್ರಹಕ್ಕೆ ಬೇರೆ ಹೆಸರು ಯಾವುದು?

ನಾವು ಕುಡಿಯುವುದಿಲ್ಲ, ಮೆಚ್ಚುತ್ತೇವೆ ಅಷ್ಟೇ ಎನ್ನುವವರಿಗೆ ನೆನಪಿರಲಿ: ಕೃತ, ಕಾರಿತ, ಅನುಮೋದನೆ ಮೂರನ್ನೂ ಆಚಾರ್ಯರು ಒಂದೇ ಸಾಲಿನಲ್ಲಿಟ್ಟಿದ್ದಾರೆ. ವ್ಯವಹಾರದ ಹೆಸರಿನಲ್ಲಿ ಈ ಸೀಸೆಯನ್ನು ಉಡುಗೊರೆ ಕೊಡುವುದು ಕಾರಿತ. ಅದರ ಕಲೆಯನ್ನು ಕೊಂಡಾಡುವುದು ಅನುಮೋದನೆ. ಮದ್ಯತ್ಯಾಗವು ಮುನಿಗಳ ಮಹಾವ್ರತವಲ್ಲ, ಶ್ರಾವಕನ ಅಷ್ಟಮೂಲಗುಣಗಳಲ್ಲಿ ಮೊದಲಿನದು. ವಿದೇಶದಿಂದ ಬಂದ ಸೀಸೆಯನ್ನು ತೆರೆಯದೆ ಗಾಜಿನ ಕಪಾಟಿನಲ್ಲಿ ಮೆರೆಸಿರುವ ಗೃಹಸ್ಥರು, ಅದೇನೆಂದು ಕೇಳಿದ ಮೊಮ್ಮಕ್ಕಳಿಗೆ ಏನು ಉತ್ತರ ಕೊಟ್ಟಿದ್ದಾರೆ?