ಮನೆಗೊಂದು ಕಾರು: ಹೊಸದೋ, ಹಳೆಯದೋ?

ಕಾರು ಕೊಳ್ಳುವ ವಿಚಾರದಲ್ಲಿ ನಮ್ಮ ಅಭಿಪ್ರಾಯವನ್ನು ಕೇಳಿ ಓದುಗ ಬಂಧುಗಳು ಆಗಾಗ ಪತ್ರ ಬರೆಯುತ್ತಾರೆ. ಊರು ಬೇರೆ, ಉದ್ಯೋಗ ಬೇರೆಯಾದರೂ ಪ್ರಶ್ನೆ ಬಹುಮಟ್ಟಿಗೆ ಒಂದೇ. ದಂಪತಿಗಳು, ಇಬ್ಬರು ಮಕ್ಕಳು, ವಯಸ್ಸಾದ ತಾಯಿ ಇಲ್ಲವೆ ತಂದೆ, ಹೀಗೆ ಐದು ಜನರ ಸಂಸಾರ. ಹಿಂಬದಿಯಲ್ಲಿ ಡಿಕ್ಕಿಯುಳ್ಳ ಮಧ್ಯಮ ಗಾತ್ರದ ಕಾರು, ಅಂದರೆ ಸೆಡಾನ್, ಮನೆಗೆ ಬೇಕಾಗಿದೆ. ಸಾಲ ಮಾಡಿ ಹೊಸದನ್ನು ತರುವುದು ಲೇಸೋ, ಕೈಯಲ್ಲಿರುವ ಹಣಕ್ಕೆ ನಾಲ್ಕೈದು ವರ್ಷ ಓಡಿದ ಕಾರನ್ನು ಕೊಳ್ಳುವುದು ಲೇಸೋ? ಇದು ಲೌಕಿಕ ವಿಷಯವೆಂದು ತಳ್ಳಿಹಾಕುವ ಪ್ರಶ್ನೆಯಲ್ಲ. ಮನೆ ಕಟ್ಟುವುದನ್ನೂ ಮಕ್ಕಳ ಮದುವೆಯನ್ನೂ ಬಿಟ್ಟರೆ ಮಧ್ಯಮವರ್ಗದ ಕುಟುಂಬ ಒಮ್ಮೆಗೇ ದೊಡ್ಡ ಮೊತ್ತ ವ್ಯಯಿಸುವುದು ಇದಕ್ಕೇ. ಅದಕ್ಕಿಂತ ಮಿಗಿಲಾಗಿ, ಮನೆಯ ಅಷ್ಟೂ ಜನರನ್ನು ಒಟ್ಟಿಗೆ ಕೂರಿಸಿಕೊಂಡು ಹೆದ್ದಾರಿಯಲ್ಲಿ ವೇಗವಾಗಿ ಸಾಗುವ ವಸ್ತು ಇದು.

ನಮ್ಮ ಉತ್ತರದ ಸಾರವನ್ನು ಮೊದಲೇ ಹೇಳುತ್ತೇವೆ. ಕಾರನ್ನು ಬೀದಿಯಲ್ಲಿ ನಿಂತು ನೋಡುವವರ ಕಣ್ಣಿನಿಂದ ಅಳೆಯಬಾರದು. ಅದರ ಹಿಂದಿನ ಆಸನದಲ್ಲಿ ಕುಳಿತುಕೊಳ್ಳುವವರಿಂದ ಅಳೆಯಬೇಕು. ಹಾಗೆ ಅಳೆದಾಗ ಹೊಸದೋ ಹಳೆಯದೋ ಎಂಬುದು ಎರಡನೆಯ ಪ್ರಶ್ನೆಯಾಗುತ್ತದೆ. ಪರೀಕ್ಷಿಸಿ ಕೊಂಡದ್ದೋ, ಪರೀಕ್ಷಿಸದೆ ಕೊಂಡದ್ದೋ ಎಂಬುದು ಮೊದಲನೆಯದಾಗುತ್ತದೆ.

ಒಂದು ಕಾಲಕ್ಕೆ ಆಯ್ಕೆಯ ಕಷ್ಟವೇ ಇರಲಿಲ್ಲ. ಅಂಬಾಸಿಡರ್ ಇಲ್ಲವೆ ಪ್ರೀಮಿಯರ್ ಪದ್ಮಿನಿ, ಎರಡರಲ್ಲೊಂದು. ೧೯೯೪ರಲ್ಲಿ ಮಾರುತಿ ಎಸ್ಟೀಮ್, ೧೯೯೮ರಲ್ಲಿ ಹೋಂಡಾ ಸಿಟಿ ಬಂದ ಮೇಲೆ ಮಧ್ಯಮ ಗಾತ್ರದ ಕಾರು ಸುಶಿಕ್ಷಿತ ಕುಟುಂಬಗಳ ಬಯಕೆಯಾಯಿತು. ೨೦೧೪ರಲ್ಲಿ ಅಂಬಾಸಿಡರ್ ತಯಾರಿಕೆಯೇ ನಿಂತುಹೋಯಿತು. ಅದೇ ವರ್ಷ ಬಂದು ಅನೇಕ ಮನೆಗಳನ್ನು ಸೇರಿದ ಮಾರುತಿ ಸಿಯಾಜ್‌ನ ಮಾರಾಟವನ್ನು ಕಂಪನಿ ೨೦೨೫ರಲ್ಲಿ ನಿಲ್ಲಿಸಿತು. ಈಚಿನ ವರ್ಷಗಳಲ್ಲಿ ಹೊಸದಾಗಿ ಕೊಳ್ಳುವವರು ತೂಗಿ ನೋಡುತ್ತ ಬಂದಿರುವುದು ಮುಖ್ಯವಾಗಿ ಹೋಂಡಾ ಸಿಟಿ, ಹ್ಯುಂಡೈ ವೆರ್ನಾ, ಸ್ಕೋಡಾ ಸ್ಲಾವಿಯಾ, ಫೋಕ್ಸ್‌ವ್ಯಾಗನ್ ವರ್ಟಸ್ ಎಂಬ ನಾಲ್ಕನ್ನು.

ಇವುಗಳಿಗೂ ಡಿಜೈರ್, ಅಮೇಜ್ ಮೊದಲಾದ ಚಿಕ್ಕ ಸೆಡಾನ್‌ಗಳಿಗೂ ಇರುವ ಭೇದವನ್ನು ತಿಳಿದುಕೊಳ್ಳಬೇಕು. ನಮ್ಮ ತೆರಿಗೆ ನಿಯಮದಲ್ಲಿ ನಾಲ್ಕು ಮೀಟರ್ ಉದ್ದವೆಂಬುದು ಒಂದು ಗಡಿ. ೨೦೨೫ರ ಸೆಪ್ಟೆಂಬರ್ ೨೨ರಿಂದ ಈ ಗಡಿಯೊಳಗಿನ, ೧೨೦೦ ಸಿಸಿ ಮೀರದ ಪೆಟ್ರೋಲ್ ಕಾರಿಗೆ ಜಿಎಸ್‌ಟಿ ಶೇ. ೧೮, ಗಡಿ ಮೀರಿದ ಸೆಡಾನ್‌ಗೆ ಶೇ. ೪೦. ಚಿಕ್ಕ ಸೆಡಾನ್‌ಗಳ ಬೆನ್ನು ಮೊಟಕಾಗಿ ಕಾಣುವುದಕ್ಕೆ ಕಾರಣ ಶಿಲ್ಪಿಯ ಅಭಿರುಚಿಯಲ್ಲ, ತೆರಿಗೆಯ ಲೆಕ್ಕ. ಡಿಜೈರ್‌ನ ಉದ್ದ ೩೯೯೫ ಮಿಲಿಮೀಟರ್, ಸ್ಲಾವಿಯಾದ್ದು ೪೫೪೧. ಡಿಜೈರ್‌ನ ಡಿಕ್ಕಿಯ ಅಳತೆ ೩೮೨ ಲೀಟರ್, ಸ್ಲಾವಿಯಾದ್ದು ೫೨೧. ಊರೊಳಗೆ ಓಡಾಡುವ ನಾಲ್ವರ ಸಂಸಾರಕ್ಕೆ ಚಿಕ್ಕದೇ ಸಾಕು. ಐದು ಜನ ಸಾಮಾನು ಸಹಿತ ದೂರದೂರಿಗೆ ಹೋಗುವುದು ವಾಡಿಕೆಯಾಗಿದ್ದರೆ ಮಾತ್ರ ಹೆಚ್ಚಿನ ಅರ್ಧ ಮೀಟರಿಗೆ ಹಣ ಕೊಡುವುದರಲ್ಲಿ ಅರ್ಥವಿದೆ.

ಇನ್ನು ಹಿಂದಿನ ಆಸನದ ವಿಚಾರ. ಶೋರೂಮಿಗೆ ಮಗ ಒಬ್ಬನೇ ಹೋಗಿ ಚಾಲಕನ ಸ್ಥಾನದಲ್ಲಿ ಕುಳಿತು ಬರುವುದು ರೂಢಿ. ಇದು ತಪ್ಪು. ಮನೆಯ ಹಿರಿಯರನ್ನು ಕರೆದೊಯ್ದು ಹಿಂದೆ ಕೂರಿಸಿ, ಅರ್ಧ ಗಂಟೆಯಾದರೂ ಉಬ್ಬುತಗ್ಗಿನ ರಸ್ತೆಯಲ್ಲಿ ಸುತ್ತಿಬರಬೇಕು. ಸೆಡಾನ್‌ನ ಆಸನ ತಗ್ಗಿನಲ್ಲಿರುತ್ತದೆ. ಮಂಡಿನೋವು ಇರುವವರು ಇಳಿಯುವಾಗ ಬಾಗಿಲ ಕಂಬವನ್ನು ಹಿಡಿದು ಏಳಬೇಕಾದರೆ ಆ ಕಾರು ಅವರಿಗೆ ಹೇಳಿದ್ದಲ್ಲ. ಎಷ್ಟೇ ಸೊಗಸಾಗಿದ್ದರೂ ಬಿಡಬೇಕು. ಮೂವರು ದೊಡ್ಡವರನ್ನು ಹಿಂದೆ ಕೂರಿಸಿ ಭುಜಕ್ಕೆ ಭುಜ ತಾಗುವುದೇ ನೋಡಬೇಕು. ಐದೂ ಜನ ಕುಳಿತಾಗ ಊರಿನ ರಸ್ತೆಯುಬ್ಬಿಗೆ ಕಾರಿನ ತಳ ತಾಗುವುದೇ ಎಂಬುದನ್ನೂ ಪರೀಕ್ಷಿಸಬೇಕು. ಖಾಲಿ ಕಾರು ಓಡಿಸಿ ನೋಡಿದರೆ ಇದು ತಿಳಿಯುವುದಿಲ್ಲ.

ಸುರಕ್ಷತೆಯ ಮಾತಿಗೆ ಬಂದರೆ, ಹಿಂದೆ ಕುಳಿತವರಿಗೆ ಬೆಲ್ಟ್ ಬೇಡವೆಂಬ ಭ್ರಮೆ ಇಂದಿಗೂ ಅಳಿದಿಲ್ಲ. ೨೦೨೨ರ ಸೆಪ್ಟೆಂಬರ್ ೪ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿಯವರಿದ್ದ ಕಾರು ಅಪಘಾತಕ್ಕೀಡಾಯಿತು. ಕಾರು ಬೆಲೆಬಾಳುವಂಥದೇ. ಹಿಂದಿನ ಆಸನದಲ್ಲಿದ್ದ ಇಬ್ಬರೂ ಬೆಲ್ಟ್ ಧರಿಸಿರಲಿಲ್ಲವೆಂದು ಪೊಲೀಸರು ತಿಳಿಸಿದರು. ಆ ಇಬ್ಬರೂ ಉಳಿಯಲಿಲ್ಲ, ಮುಂದೆ ಕುಳಿತಿದ್ದ ಇಬ್ಬರು ಗಾಯಗೊಂಡು ಬದುಕಿದರು. ಬೆಲೆಯಾಗಲಿ ಏರ್‌ಬ್ಯಾಗ್ ಆಗಲಿ ಬೆಲ್ಟಿನ ಕೆಲಸವನ್ನು ಮಾಡಲಾರದು. ೨೦೧೯ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಬೆಲ್ಟ್ ಧರಿಸದವರಿಗೆ ೧೦೦೦ ರೂಪಾಯಿ ದಂಡ. ಹದಿನಾಲ್ಕು ವರ್ಷದೊಳಗಿನ ಮಗುವನ್ನು ಬೆಲ್ಟಿನಿಂದಾಗಲಿ ಮಕ್ಕಳ ಸೀಟಿನಿಂದಾಗಲಿ ಭದ್ರಪಡಿಸದೆ ಒಯ್ದರೂ ಅಷ್ಟೇ ದಂಡ. ದಂಡ ಹಾಗಿರಲಿ, ಕೊಳ್ಳುವ ಕಾರಿನಲ್ಲಿ ಹಿಂದಿನ ನಡುವಿನ ಆಸನಕ್ಕೂ ಭುಜದಿಂದ ಬರುವ ಬೆಲ್ಟ್ ಇದೆಯೇ, ಹಳೆಯ ಕಾರುಗಳಲ್ಲಿ ಕಾಣುವ ಸೊಂಟದ ಪಟ್ಟಿ ಮಾತ್ರವೇ ಎಂಬುದನ್ನು ನೋಡಬೇಕು. ಮೂರನೆಯವರಾಗಿ ಅಲ್ಲಿ ಕೂರುವುದು ಸಾಮಾನ್ಯವಾಗಿ ಮನೆಯ ಚಿಕ್ಕ ಮಗುವೇ.

ಕಾರಿನ ಗಟ್ಟಿತನವನ್ನು ಬಾಗಿಲು ಬಡಿದು ನೋಡಿ ತಿಳಿಯುವಂತಿಲ್ಲ. ೨೦೧೪ರ ಆರಂಭದಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ನಮ್ಮಲ್ಲಿ ಮಾರಾಟವಾಗುತ್ತಿದ್ದ ಐದು ಚಿಕ್ಕ ಕಾರುಗಳನ್ನು ತಡೆಗೋಡೆಗೆ ಗುದ್ದಿಸಿ ಪರೀಕ್ಷಿಸಿದಾಗ ಒಂದಕ್ಕೂ ಒಂದು ನಕ್ಷತ್ರ ದೊರೆಯಲಿಲ್ಲ. ೨೦೨೩ರ ಏಪ್ರಿಲ್‌ನಲ್ಲಿ ಸ್ಲಾವಿಯಾ, ವರ್ಟಸ್‌ಗಳೂ ಅದೇ ವರ್ಷದ ಅಕ್ಟೋಬರ್‌ನಲ್ಲಿ ಹೊಸ ವೆರ್ನಾವೂ ಐದು ನಕ್ಷತ್ರ ಪಡೆದವು. ೨೦೨೩ರ ಅಕ್ಟೋಬರ್ ೧ರಿಂದ ಭಾರತ್ ಎನ್‌ಕ್ಯಾಪ್ ಎಂಬ ನಮ್ಮದೇ ವ್ಯವಸ್ಥೆಯೂ ಬಂದಿದೆ. ಇಲ್ಲೊಂದು ಎಚ್ಚರಿಕೆ: ಅಂಕ ದೊರೆಯುವುದು ಹೆಸರಿಗಲ್ಲ, ಆಯಾ ಪೀಳಿಗೆಯ ಕಾರಿಗೆ. ೨೦೨೩ರ ವೆರ್ನಾ ಗಳಿಸಿದ ನಕ್ಷತ್ರಗಳನ್ನು ೨೦೧೮ರ ವೆರ್ನಾಕ್ಕೆ ಅಂಟಿಸಿ ಮಾರುವವರ ಮಾತಿಗೆ ಕಿವಿಗೊಡಬಾರದು.

ಈಗ ಹಣದ ಲೆಕ್ಕ. ಶೋರೂಮಿನ ಬೆಲೆ ೧೨ ಲಕ್ಷವೆಂದಿಟ್ಟುಕೊಳ್ಳೋಣ. ಕರ್ನಾಟಕದಲ್ಲಿ ೧೦ ಲಕ್ಷ ಮೀರಿ ೨೦ ಲಕ್ಷದವರೆಗಿನ ಪೆಟ್ರೋಲ್ ಕಾರಿಗೆ ಜೀವಾವಧಿ ತೆರಿಗೆ ಶೇ. ೧೭, ಆ ತೆರಿಗೆಯ ಮೇಲೆ ಶೇ. ೧೧ ಸೆಸ್. ಎರಡೂ ಕೂಡಿ ಸುಮಾರು ೨,೨೬,೦೦೦ ರೂಪಾಯಿ. ವಿಮೆ, ನೋಂದಣಿ ಸೇರಿದಾಗ ಕಾರು ಮನೆಯ ಮುಂದೆ ನಿಲ್ಲುವ ಹೊತ್ತಿಗೆ ಮೊತ್ತ ೧೫ ಲಕ್ಷದ ಸಮೀಪ ಬಂದಿರುತ್ತದೆ. ಇದರಲ್ಲಿ ೧೦ ಲಕ್ಷವನ್ನು ಶೇ. ೯ರ ಬಡ್ಡಿಯಲ್ಲಿ ಸಾಲ ಪಡೆದರೆ, ಏಳು ವರ್ಷದ ಅವಧಿಗೆ ತಿಂಗಳ ಕಂತು ಸುಮಾರು ೧೬,೦೯೦; ಒಟ್ಟು ಬಡ್ಡಿ ಮೂರೂವರೆ ಲಕ್ಷ. ಐದು ವರ್ಷಕ್ಕಾದರೆ ಕಂತು ೨೦,೭೬೦. ಬಡ್ಡಿ ಎರಡೂವರೆ ಲಕ್ಷಕ್ಕೆ ತುಸು ಕಡಿಮೆ. ಕಂತು ಚಿಕ್ಕದೆಂದು ಏಳು ವರ್ಷವನ್ನು ಆರಿಸಿಕೊಳ್ಳುವವರು ಒಂದು ಲಕ್ಷವನ್ನು ಹೆಚ್ಚಾಗಿ ತೆರುತ್ತಾರೆ. ಇತ್ತ ಸಾಲ ಇಳಿಯುವುದಕ್ಕಿಂತ ಬೇಗ ಕಾರಿನ ಮೌಲ್ಯ ಇಳಿಯುತ್ತದೆ. ವಿಮೆಗಾಗಿ ಮೌಲ್ಯ ಕಟ್ಟುವ ಪಟ್ಟಿಯನ್ನೇ ನೋಡಿ: ಎರಡನೆಯ ವರ್ಷದಲ್ಲಿ ಶೇ. ೨೦, ಮೂರನೆಯದರಲ್ಲಿ ೩೦, ನಾಲ್ಕನೆಯದರಲ್ಲಿ ೪೦, ಐದನೆಯದರಲ್ಲಿ ೫೦ರಷ್ಟು ಕಳೆಯುತ್ತಾರೆ. ಅಂದರೆ ಹೊಸ ಕಾರು ಕೊಂಡವನು ಮೊದಲ ನಾಲ್ಕೈದು ವರ್ಷಗಳಲ್ಲಿ ಅರ್ಧ ಬೆಲೆಯನ್ನು ತಾನೇ ಭರಿಸಿ, ಉಳಿದರ್ಧಕ್ಕೆ ಕಾರನ್ನು ಮತ್ತೊಬ್ಬನಿಗೆ ಬಿಟ್ಟುಕೊಡುತ್ತಾನೆ. ಸ್ಥಳೀಯ ನೋಂದಣಿಯ ಕಾರಾದರೆ ಜೀವಾವಧಿ ತೆರಿಗೆಯನ್ನೂ ಮೊದಲಿನವನೇ ಕಟ್ಟಿರುತ್ತಾನೆ. ಹಳೆಯ ಕಾರಿನ ಲಾಭವೆಲ್ಲ ಇಲ್ಲಿದೆ.

ಆದರೆ ಹೊಸ ಕಾರು ಕೊಡುವ ನಿಶ್ಚಿಂತೆ ಹಳೆಯದರಲ್ಲಿಲ್ಲ. ಅದನ್ನು ಪರೀಕ್ಷೆಯಿಂದಲೇ ಸಂಪಾದಿಸಬೇಕು. ತರ್ಕಶಾಸ್ತ್ರ ಓದಿದವರು ಪ್ರತ್ಯಕ್ಷ, ಅನುಮಾನ, ಆಪ್ತವಾಕ್ಯ ಎಂದು ಜ್ಞಾನಕ್ಕೆ ಸಾಧನಗಳನ್ನು ಹೇಳುತ್ತಾರೆ. ಹಳೆಯ ಕಾರಿಗೂ ಈ ಮೂರೇ ಸಾಕು.

ಪ್ರತ್ಯಕ್ಷವೆಂದರೆ ಕಣ್ಣಾರೆ ನೋಡುವುದು. ಹಗಲು ಹೊತ್ತಿನಲ್ಲಿ, ಒಣಗಿದ ಕಾರನ್ನೇ ನೋಡಬೇಕು; ದೀಪದ ಬೆಳಕಿನಲ್ಲಿ, ತೊಳೆದು ಒದ್ದೆಯಾಗಿರುವಾಗ ಬಣ್ಣದ ಭೇದ ಕಾಣದು. ಬಾಗಿಲು, ಬಾನೆಟ್, ಡಿಕ್ಕಿಗಳ ಸಂದುಗಳು ಎರಡೂ ಬದಿಯಲ್ಲಿ ಸಮನಾಗಿವೆಯೇ, ಬೋಲ್ಟುಗಳ ಮೇಲೆ ಸ್ಪ್ಯಾನರ್ ತಿರುಗಿಸಿದ ಗುರುತಿದೆಯೇ ನೋಡಬೇಕು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಬೇಕು. ಕೆಸರಿನ ಕಲೆಯಿದ್ದರೆ, ಸೀಟಿನ ಕೆಳಗಿನ ಹಳಿ ತುಕ್ಕು ಹಿಡಿದಿದ್ದರೆ, ಒಳಗೆ ಮುಗ್ಗಲು ವಾಸನೆಯಿದ್ದರೆ ಅದು ನೀರಿನಲ್ಲಿ ಮುಳುಗಿದ ಕಾರು. ೨೦೧೫ರ ಡಿಸೆಂಬರ್‌ನಲ್ಲಿ ಚೆನ್ನೈಯಲ್ಲಿ, ೨೦೨೨ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಪ್ರವಾಹದ ನೀರು ಹೊಕ್ಕ ಕಾರುಗಳು ಬಹಳ. ಅಂಥವು ತೊಳೆದು ಒರೆಸಿಕೊಂಡು ದೂರದ ಊರಿನ ಪೇಟೆಗೆ ಬಂದರೆ ಗುರುತಿಸುವುದು ಕಷ್ಟ.

ಅನುಮಾನವೆಂದರೆ ಕಂಡದ್ದರಿಂದ ಕಾಣದ್ದನ್ನು ತಿಳಿಯುವುದು. ಹೊಗೆಯಿದ್ದಲ್ಲಿ ಬೆಂಕಿ ಎಂಬುದು ಶಾಸ್ತ್ರದ ಹಳೆಯ ಉದಾಹರಣೆ. ಕಾರಿನಲ್ಲಿ ಹೊಗೆಯ ಬಣ್ಣವೇ ಮಾತನಾಡುತ್ತದೆ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ ಒಳಗೆ ಸೋರುತ್ತಿರಬಹುದು. ಆದ್ದರಿಂದ ತಣ್ಣಗಿರುವ ಎಂಜಿನ್ನನ್ನೇ ಚಾಲೂ ಮಾಡಿಸಿ ನೋಡಬೇಕು. ನೀವು ಹೋಗುವ ಮೊದಲೇ ಬಾನೆಟ್ ಬೆಚ್ಚಗಿದ್ದರೆ ಕಾರಣ ಕೇಳಬೇಕು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕೆಗಳಿರುತ್ತವೆ: ೨೩೨೧ ಎಂದಿದ್ದರೆ ೨೦೨೧ರ ಇಪ್ಪತ್ತಮೂರನೆಯ ವಾರದ್ದು. ಮೀಟರು ೨೫,೦೦೦ ಕಿಲೋಮೀಟರ್ ತೋರಿಸುತ್ತಿದ್ದು, ಟೈರುಗಳು ಕಾರಿಗಿಂತ ಮೂರು ವರ್ಷ ಈಚಿನವಾಗಿದ್ದರೆ, ಪೆಡಲಿನ ರಬ್ಬರು ಸವೆದಿದ್ದರೆ, ಸ್ಟಿಯರಿಂಗ್ ನುಣುಪಾಗಿದ್ದರೆ ಮೀಟರು ಸುಳ್ಳು ಹೇಳುತ್ತಿದೆಯೆಂದೇ ಊಹಿಸಬೇಕು. ಗಾಜುಗಳ ಮೂಲೆಯ ಗುರುತುಗಳಲ್ಲಿ ಒಂದು ಮಾತ್ರ ಬೇರೆ ವರ್ಷದ್ದಾಗಿದ್ದರೆ ಆ ಬದಿಗೆ ಏನಾಗಿತ್ತೆಂದು ಕೇಳಬೇಕು.

ಮೂರನೆಯದಾದ ಆಪ್ತವಾಕ್ಯದಲ್ಲಿ ಜನ ಎಡವುತ್ತಾರೆ. ಮಾರುವವನು ಬಂಧುವೇ ಆಗಿರಬಹುದು, ಸಜ್ಜನನೇ ಆಗಿರಬಹುದು. ಈ ವ್ಯವಹಾರದಲ್ಲಿ ಆಪ್ತನೆಂದರೆ ದಾಖಲೆ. ಆರ್‌ಸಿ, ವಿಮಾಪತ್ರ, ಕಂಪನಿಯ ವರ್ಕ್‌ಶಾಪಿನ ಸರ್ವಿಸ್ ದಾಖಲೆ, ಬಾಕಿ ಇರುವ ದಂಡದ ವಿವರ ಎಲ್ಲವನ್ನೂ ನೋಡಬೇಕು. ಸಾಲ ತೀರಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ ೩೫ ಬೇಕು. ವರ್ಗಾವಣೆಗೆ ಫಾರಂ ೨೯ ಮತ್ತು ೩೦. ಹೊರರಾಜ್ಯದ ಕಾರಾದರೆ ಅಲ್ಲಿನ ಆರ್‌ಟಿಒದಿಂದ ಫಾರಂ ೨೮ರ ಎನ್‌ಒಸಿ ತಂದು, ಇಲ್ಲಿ ತೆರಿಗೆ ಕಟ್ಟಿ ಮರುನೋಂದಣಿ ಮಾಡಿಸಬೇಕಾಗುತ್ತದೆ. ಅಗ್ಗವೆಂದು ತಂದದ್ದು ಆಗ ಅಗ್ಗವಾಗಿ ಉಳಿಯುವುದಿಲ್ಲ. ವರ್ಗಾವಣೆಯಾದ ಹದಿನಾಲ್ಕು ದಿನದೊಳಗೆ ವಿಮೆಯನ್ನೂ ತಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು.

ಹಳೆಯ ಕಾರನ್ನು ಮಾರುವವರಿಗೂ ಒಂದು ಮಾತು. ನಮ್ಮವರಿಗೇ ಕೊಟ್ಟಿದ್ದೇವೆ, ಹೆಸರು ಬದಲಾಯಿಸುವುದು ನಿಧಾನವಾಗಲಿ ಎಂಬ ದಾಕ್ಷಿಣ್ಯ ಅಪಾಯಕಾರಿ. ೨೦೧೮ರ ಫೆಬ್ರವರಿಯಲ್ಲಿ ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಈ ವಿಷಯವನ್ನು ನಿರ್ಣಯಿಸಿತು. ಕಾರು ಕೈ ಬದಲಾಯಿಸಿದ್ದರೂ ಸರಕಾರಿ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು. ಅಪಘಾತವಾದರೆ ಪರಿಹಾರದ ಹೊಣೆ ಅವರದೇ. ಕಾಣದ ರಸ್ತೆಯಲ್ಲಿ ಕಾಣದವನು ಮಾಡಿದ ಅಪಘಾತಕ್ಕೆ ಮನೆಯಲ್ಲಿ ಕುಳಿತವರು ಹೊಲ ಮಾರಿ ಪರಿಹಾರ ಕೊಡುವ ಸ್ಥಿತಿ ಯಾರಿಗೂ ಬರಬಾರದು.

ಹಾಗಾದರೆ ಯಾರಿಗೆ ಯಾವುದು? ಮುಂಗಡವಾಗಿ ಬೆಲೆಯ ಅರ್ಧದಷ್ಟನ್ನಾದರೂ ಕೈಯಿಂದ ಕೊಟ್ಟು, ಉಳಿದುದನ್ನು ಐದು ವರ್ಷದೊಳಗೆ ತೀರಿಸಬಲ್ಲವರು, ಹತ್ತು ಹನ್ನೆರಡು ವರ್ಷ ಅದೇ ಕಾರನ್ನು ಇಟ್ಟುಕೊಳ್ಳುವವರು ಹೊಸದನ್ನು ಕೊಳ್ಳಲಿ. ಆದರೆ ಹೊಸದರಲ್ಲಿಯೂ ತಯಾರಾದ ತಿಂಗಳನ್ನು ನೋಡಿ ತೆಗೆದುಕೊಳ್ಳಲಿ; ವಿಮೆಯನ್ನು ಶೋರೂಮಿನವರಲ್ಲಿಯೇ ಮಾಡಿಸಬೇಕೆಂಬ ಕಟ್ಟುಪಾಡು ಇಲ್ಲವೆಂದು ತಿಳಿದಿರಲಿ. ವರ್ಷಕ್ಕೆ ಎಂಟು ಹತ್ತು ಸಾವಿರ ಕಿಲೋಮೀಟರ್ ಮಾತ್ರ ಓಡಿಸುವವರಿಗೆ, ಮಕ್ಕಳ ಶಿಕ್ಷಣದ ಖರ್ಚು ಎದುರಿಗಿರುವವರಿಗೆ ನಾಲ್ಕೈದು ವರ್ಷದ ಪೆಟ್ರೋಲ್ ಸೆಡಾನ್ ಸಾಕು. ಅದು ೨೦೨೦ರ ಏಪ್ರಿಲ್ ನಂತರ ತಯಾರಾದ ಬಿಎಸ್-೬ ಕಾರಾಗಿರಲಿ, ಮುಂದಿನ ಎರಡೂ ಆಸನಗಳಿಗೆ ಏರ್‌ಬ್ಯಾಗ್ ಇರಲಿ, ಒಬ್ಬರೇ ಮಾಲೀಕರ ಕೈಯಲ್ಲಿದ್ದುದಾಗಿರಲಿ. ಶೇ. ೨೦ ಎಥೆನಾಲ್ ಬೆರೆತ ಪೆಟ್ರೋಲಿಗೆ ಅದು ಹೊಂದುವುದೇ ಎಂದು ಕಂಪನಿಯ ವರ್ಕ್‌ಶಾಪಿನಲ್ಲಿ ಕೇಳಿಕೊಳ್ಳಲಿ. ಸಿಯಾಜ್‌ನಂತೆ ಮಾರಾಟ ನಿಂತ ಕಾರಾದರೆ ಬಿಡಿಭಾಗ ಸುಲಭವಾಗಿ ದೊರೆಯುವುದೇ ಎಂಬುದನ್ನೂ ವಿಚಾರಿಸಲಿ. ಬೆಲೆಯನ್ನು ಮಾತನಾಡುವ ಮೊದಲು ಮಾರುವವನ ಪರಿಚಯದವನಲ್ಲದ ಮೆಕ್ಯಾನಿಕ್ಕಿಗೆ ತೋರಿಸಿ, ಅವನ ಕೂಲಿಯನ್ನು ಸಂತೋಷದಿಂದ ಕೊಡಲಿ.

ಹಳೆಯದನ್ನು ಕೊಂಡು ಉಳಿದ ಹಣದಲ್ಲಿ ಮೊದಲ ಭಾಗ ಹೊಸ ಟೈರು, ಬ್ರೇಕು, ಮಗುವಿನ ಸೀಟಿಗೆ ಹೋಗಲಿ. ಮಿಕ್ಕಿದ್ದು ಮನೆಯ ಕಷ್ಟಕಾಲಕ್ಕಿರಲಿ. ಯಾವ ಕಾರೇ ಬರಲಿ, ಹಿಂದೆ ಕುಳಿತ ಕೊನೆಯವರ ಬೆಲ್ಟ್ ಬಿಗಿದ ಸದ್ದು ಕೇಳಿದ ಮೇಲೆಯೇ ಗೇರು ಹಾಕುವ ಪದ್ಧತಿಯನ್ನು ಮೊದಲ ದಿನದಿಂದಲೇ ಮನೆಯಲ್ಲಿ ನಡೆಸಿಕೊಂಡು ಬರಬೇಕೆಂದು ನಮ್ಮ ಓದುಗರಲ್ಲಿ ವಿನಂತಿಸುತ್ತೇವೆ.